ನೀಲಮ್ಮನವರ ಸೈಕಸ್ ಮತ್ತು ನಾನು ಸಾಕಿದ ಇತರ ಗಿಡಗಳು

ಹೊಸದಾಗಿ ನರ್ಸರಿ ಕೆಲಸಕ್ಕೆ ಸೇರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ಈ ಗಿಡಕ್ಕೆ ಎಷ್ಟು ನೀರು ಹಾಕಬೇಕು? ಮೂವತ್ತಕ್ಕೂ ಹೆಚ್ಚು ವರ್ಷ ಹೂಗಿಡಗಳನ್ನೂ ಮನೆಯೊಳಗಿಡುವ ಗಿಡಗಳನ್ನೂ ಸಾಕಿ, ಮೊಣಕಾಲು ನೋವಿನಿಂದ ಕೆಲಸ ಬಿಟ್ಟು ಕುಳಿತ ಮೇಲೂ ನನಗೆ ಇದಕ್ಕೆ ಸರಿಯಾದ ಉತ್ತರ ಕೊಡಲು ಬರುವುದಿಲ್ಲ. ಕುಂಡ ಎತ್ತಿ ನೋಡಿ ಎನ್ನುತ್ತೇನೆ. ಅವರು ನಗುತ್ತಾರೆ. ಈಗ ಮೊಬೈಲಿನಲ್ಲಿ ಗಿಡದ ಫೋಟೊ ತೆಗೆದರೆ ಹೆಸರು, ರೋಗ, ಗೊಬ್ಬರ ಎಲ್ಲ ಬರುತ್ತದೆ. ಒಳ್ಳೆಯದೇ. ನಮ್ಮ ಕಾಲದಲ್ಲಿ ಅದಿದ್ದರೆ ಎಷ್ಟೋ ಗಿಡ ಉಳಿಯುತ್ತಿದ್ದವು. ಆದರೂ ಈ ಕೆಲಸದಲ್ಲಿ ನಾನು ಬೆರಗಾಗಿ ನಿಂತ ಕೆಲವು ಸಂದರ್ಭಗಳು ಯಾವ ಮೊಬೈಲಿನಲ್ಲೂ ಇಲ್ಲ. ಅವನ್ನು ಬರೆದಿಡುತ್ತಿದ್ದೇನೆ.

ನಾನು ಲೋಕಿಕೆರೆಯವಳು, ರತ್ನಮ್ಮ. ಪಿಯುಸಿ ಓದಿದ್ದೆ. ಮದುವೆಯಾಗಿ ದಾವಣಗೆರೆಗೆ ಬಂದೆ. ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿದ್ದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಬಾತಿಯ ಹತ್ತಿರದ ಒಂದು ನರ್ಸರಿಯಲ್ಲಿ ಚೀಲಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಸೇರಿದೆ. ಕೆಮ್ಮಣ್ಣು, ಕಳಿತ ಸಗಣಿ ಗೊಬ್ಬರ, ಅದರ ಜೊತೆ ಮಂಡಕ್ಕಿ ಭಟ್ಟಿಗಳಿಂದ ತಂದ ಸುಟ್ಟ ಭತ್ತದ ಹೊಟ್ಟು. ಮೂರನ್ನೂ ಕಲಸಿ ಕಲಸಿ ನನ್ನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ನೆಂಟರ ಮದುವೆಗೆ ಹೋದಾಗ ಕೈ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ.

ಕೆಲಸ ಕಲಿಸಿದವರು ಇಮಾಮ್‌ಸಾಬರು. ಹರಿಹರದವರು. ಮೊದಲು ಒಂದು ಹತ್ತಿ ಗಿರಣಿಯ ತೋಟದಲ್ಲಿ ಮಾಲಿಯಾಗಿದ್ದರು. ಗಿರಣಿ ಮುಚ್ಚಿದ ಮೇಲೆ ದಿನಾ ಬಸ್ಸಿನಲ್ಲಿ ಬಾತಿಗೆ ಬಂದು ಹೋಗುತ್ತಿದ್ದರು. ನಾನು ಚಾಚಾ ಎನ್ನುತ್ತಿದ್ದೆ, ಅವರು ಬೇಟಿ ಎನ್ನುತ್ತಿದ್ದರು. ಮೊದಲ ವಾರ ನನಗೆ ನೀರು ಹಾಕುವ ಕೆಲಸ ಸಿಕ್ಕಾಗ ಪೈಪು ಹಿಡಿದು ಸಾಲಿನ ಎಲ್ಲ ಗಿಡಕ್ಕೂ ಸಮನಾಗಿ ಹಾಕಿದೆ. ಯಾರಿಗೂ ಮೋಸವಾಗಬಾರದು ಎಂದು. ಇಮಾಮ್‌ಸಾಬರು ಮರುದಿನ ಬೆಳಿಗ್ಗೆ ಒಂದೇ ಅಳತೆಯ ಎರಡು ಕುಂಡ ತಂದು ನನ್ನ ಎರಡು ಕೈಯಲ್ಲಿಟ್ಟರು. ಒಂದು ಕಲ್ಲಿನಂತೆ ಭಾರ. ಇನ್ನೊಂದು ಮಂಡಕ್ಕಿ ಚೀಲದಂತೆ ಹಗುರ.

"ಎರಡೂ ಒಂದೇ ತಾಯಿ ಗಿಡದ ಕಡ್ಡಿ. ನೀನು ಒಂದೇ ಹೊತ್ತಿಗೆ ನೀರು ಹಾಕೀದಿ. ಒಂದು ಕುಡದು ಮುಗಿಸೈತೆ, ಇನ್ನೊಂದು ಹಂಗೇ ಹಿಡ್ಕಂಡು ಕುಂತೈತೆ" ಎಂದರು.

ಯಾಕೆ ಎಂದು ಕೇಳಿದೆ. ತಮಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಕಂಡವರ ಹಾಗೆ ಹಿಗ್ಗಿದ್ದರು. ಅಷ್ಟು ವರ್ಷ ಕೆಲಸ ಮಾಡಿದವರು ಒಂದು ಕುಂಡದ ಮುಂದೆ ಹಾಗೆ ನಿಂತದ್ದನ್ನು ನೋಡಿ, ಈ ಕೆಲಸ ಮಣ್ಣು ತುಂಬುವುದಕ್ಕಿಂತ ದೊಡ್ಡದು ಎಂದು ನನಗೆ ಮೊದಲ ಸಲ ಅನ್ನಿಸಿತು.

ಆಮೇಲೆ ಅವರು ಗುಲಾಬಿಗೆ ಕಣ್ಣು ಕಸಿ ಕಟ್ಟುವುದನ್ನು ಕಲಿಸಿದರು. ಸಾರಥಿ ಎಂಬ ಊರಿನ ಕಡೆ ಹೊಲದ ಬೇಲಿಗಳಲ್ಲಿ ಬೆಳೆಯುತ್ತಿದ್ದ ಗಟ್ಟಿ ಜಾತಿಯ ಬೇಲಿಗುಲಾಬಿಯ ಕಡ್ಡಿ ತಂದು ಬೇರು ಬರಿಸುವುದು. ಅದರ ತೊಗಟೆಯಲ್ಲಿ ಅಡ್ಡಲಾಗಿ ಒಂದು, ಉದ್ದಕ್ಕೆ ಒಂದು ಗೀರು ಹಾಕಿ ಮೆಲ್ಲಗೆ ಬಿಡಿಸುವುದು. ಅದರೊಳಗೆ ಒಳ್ಳೆಯ ಜಾತಿಯ ಗುಲಾಬಿಯಿಂದ ತೆಗೆದ ಒಂದು ಕಣ್ಣನ್ನು, ಅಂದರೆ ಅಕ್ಕಿಕಾಳಿನಷ್ಟಿರುವ ಚಿಗುರುಮೊಗ್ಗನ್ನು, ತೂರಿಸಿ ಕಟ್ಟುವುದು. ಈಗ ಇದಕ್ಕೆ ಪ್ಲಾಸ್ಟಿಕ್ ಪಟ್ಟಿ ಬಂದಿದೆ. ಆಗ ಇಮಾಮ್‌ಸಾಬರು ಹಳೆಯ ಗಿರಣಿಯಿಂದ ತಂದಿಟ್ಟುಕೊಂಡಿದ್ದ ವೇಸ್ಟ್ ನೂಲಿನಲ್ಲಿ ಕಟ್ಟುತ್ತಿದ್ದರು. ಕೆಲವು ವಾರ ಬಿಟ್ಟು ಬಿಚ್ಚಿದರೆ ಕಣ್ಣು ಹಸಿರಾಗಿರಬೇಕು. ಕಪ್ಪಾಗಿದ್ದರೆ ಹೋಯಿತು.

ನಾನು ಕಟ್ಟಿದ ಮೊದಲ ಸಾಲಿನಲ್ಲಿ ಎಲ್ಲವೂ ಕಪ್ಪು. ಕೊನೆಯ ಒಂದು ಮಾತ್ರ ಹಸಿರಾಗಿತ್ತು. ನೂಲು ಬಿಚ್ಚಿದ ಮೇಲೆ ಅದು ಕೆಂಪು ಚಿಗುರು ಬಿಟ್ಟಿತು, ಚಿಗುರು ಕಡ್ಡಿಯಾಯಿತು, ಕಡ್ಡಿಯ ತುದಿಗೆ ಮೊಗ್ಗು ಬಂತು. ಬೇಲಿಯಲ್ಲಿದ್ದಾಗ ಆ ಬೇರು ಬಿಡುತ್ತಿದ್ದದ್ದು ಪೇಲವ ಗುಲಾಬಿ ಬಣ್ಣದ, ಎರಡೇ ದಿನಕ್ಕೆ ಉದುರುವ ಸಣ್ಣ ಹೂ. ಈಗ ಅದೇ ಬೇರಿನ ಮೇಲೆ ಮಖಮಲ್ಲಿನಂಥ ಕಡುಗೆಂಪು ಹೂ ಅರಳಿತು. ನಾನು ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟೆ. ಈ ಬೇರಿಗೆ ಇದು ತನ್ನ ಹೂವಲ್ಲ ಎಂದು ಗೊತ್ತಾಗುತ್ತದೆಯೇ, ಏನಂದುಕೊಳ್ಳುತ್ತದೆ ಎಂದು ಇಮಾಮ್‌ಸಾಬರನ್ನು ಕೇಳಿದೆ.

ಅವರು ಕಸಿ ಚಾಕು ಒರೆಸುತ್ತ ಹೇಳಿದರು. "ಏನೂ ಅನ್ಕಳ್ಳಂಗಿಲ್ಲ ಬೇಟಿ. ನೀರು ಕಳಸ್ತೈತೆ, ಅಷ್ಟೇ."

ನಮ್ಮ ನರ್ಸರಿಯ ಸಾಹುಕಾರರು ಚನ್ನಬಸಪ್ಪನವರು. ದೊಡ್ಡ ದನಿ, ದೊಡ್ಡ ಮೀಸೆ. ಗೇಟಿನಲ್ಲಿ ಅವರು ಮಾತಾಡಿದರೆ ಹಿಂದಿನ ಚಪ್ಪರದಲ್ಲಿದ್ದ ನಮಗೆ ಕೇಳಿಸುತ್ತಿತ್ತು. ಗಿರಾಕಿಯ ಕಣ್ಣಿಗೆ ಒಣಗಿದ ಎಲೆ ಕೂಡ ಬೀಳಬಾರದು ಎನ್ನುವುದು ಅವರ ಕಾನೂನು. ಊರಿನ ಆಫೀಸು, ಆಸ್ಪತ್ರೆ, ಹೋಟೆಲುಗಳಿಗೆ ಗಿಡ ಇಟ್ಟು ನೋಡಿಕೊಳ್ಳುವ ಕೆಲಸವನ್ನು ಮೊದಲು ಹಿಡಿದವರೂ ಅವರೇ. ಅದರಲ್ಲಿ ನಾವೆಲ್ಲ ಸೇರಿ ಚೆನ್ನಾಗಿ ಪೆಟ್ಟು ತಿಂದೆವು.

ಒಂದು ಬ್ಯಾಂಕಿನವರು ತಮ್ಮ ಹೊಸ ಕಚೇರಿಗೆ ಬಣ್ಣದ ಗಿಡ ಬೇಕು ಎಂದರು. ನಮ್ಮಲ್ಲಿ ಬಿಸಿಲಿನಲ್ಲಿ ಬೆಳೆದ ಕ್ರೋಟನ್‌ಗಳು ಕುಂಕುಮ, ಅರಿಸಿನ, ಕಿತ್ತಳೆ ಎಂದು ಹೊಳೆಯುತ್ತಿದ್ದವು. ಅವನ್ನೇ ಸಾಲಾಗಿ ಒಯ್ದು ಎಸಿ ಹಾಲಿನಲ್ಲಿಟ್ಟೆವು. ಮ್ಯಾನೇಜರು ಎಲ್ಲರಿಗೂ ಚಹಾ ಕೊಡಿಸಿದರು. ಹತ್ತು ಹದಿನೈದು ದಿನದಲ್ಲಿ ಫೋನು ಬಂತು. ಹೋಗಿ ನೋಡಿದರೆ ನೆಲದ ತುಂಬ ಎಲೆ, ಕುಂಡಗಳಲ್ಲಿ ಬರೀ ಕಡ್ಡಿ. ಹಣ ಕಟ್ಟಲು ಬಂದವರೆಲ್ಲ ಗಿಡಗಳ ಕಡೆ ನೋಡಿ ಮುಸಿಮುಸಿ ನಗುತ್ತಿದ್ದರು. ರೋಗದ ಗಿಡ ಕೊಟ್ಟಿರಿ ಎಂದು ಮ್ಯಾನೇಜರು ಬೇಸರಪಟ್ಟರು. ನಮಗೂ ಹಾಗೇ ಅನ್ನಿಸಿತ್ತು. ಔಷಧಿ ಹೊಡೆಯೋಣ ಎಂದುಕೊಂಡೇ ವಾಪಸ್ಸು ತಂದೆವು.

ಚಪ್ಪರದ ಕೆಳಗೆ ಎಲ್ಲಕ್ಕೂ ಜಾಗವಿರಲಿಲ್ಲ, ಹಾಗಾಗಿ ಕೆಲವನ್ನು ನೆರಳಿನಲ್ಲಿ, ಕೆಲವನ್ನು ಅರೆಬಿಸಿಲಿನಲ್ಲಿ, ಕೆಲವನ್ನು ಬಯಲಲ್ಲಿ ಇಟ್ಟೆ. ಔಷಧಿ ಹೊಡೆಯುವ ಮೊದಲೇ ಎಲ್ಲವೂ ಚಿಗುರಿದವು. ನೆರಳಿನಲ್ಲಿದ್ದದ್ದರ ಎಲೆ ಬರೀ ಹಸಿರು. ಅರೆಬಿಸಿಲಿನದಕ್ಕೆ ಹಳದಿ ನರ. ಬಯಲಿನದು ಮತ್ತೆ ಕುಂಕುಮ. ಎಲ್ಲವೂ ಒಂದೇ ಗಿಡದ ಮಕ್ಕಳು. ಬಿಸಿಲು ಸಿಕ್ಕಷ್ಟೇ ಬಣ್ಣ ಬಳಿದುಕೊಂಡಿದ್ದವು. ಗಿಡಕ್ಕೆ ಅದರ ಬಣ್ಣ ಎಂಬುದೊಂದು ಇರುತ್ತದೆ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಮೂರೂ ಬಗೆಯನ್ನು ಮ್ಯಾನೇಜರಿಗೆ ಒಯ್ದು ತೋರಿಸಿದೆವು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಎರಡು ಜೊತೆ ಗಿಡ ಮಾಡಿಕೊಂಡೆವು. ಒಂದು ಜೊತೆ ಕಚೇರಿಯಲ್ಲಿದ್ದಾಗ ಇನ್ನೊಂದು ನಮ್ಮಲ್ಲಿ ಬಿಸಿಲು ಕಾಯುತ್ತಿತ್ತು. ಇವತ್ತಿಗೂ ಕಚೇರಿಗಳಲ್ಲಿ ಗಿಡ ನೋಡಿಕೊಳ್ಳುವವರು ಹೀಗೆಯೇ ಮಾಡುತ್ತಾರೆ.

ಮನೆಗಳ ಕೆಲಸ ಇದಕ್ಕಿಂತ ಕಷ್ಟ. ಕಚೇರಿಯಲ್ಲಿ ಗಿಡ ಮರೆತು ಸಾಯಿಸುತ್ತಾರೆ, ಮನೆಯಲ್ಲಿ ಪ್ರೀತಿಯಿಂದ ಸಾಯಿಸುತ್ತಾರೆ. ಒಬ್ಬರು ಎಲೆ ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಇನ್ನೊಬ್ಬರು ದೇವರಿಗೆ ಅಭಿಷೇಕ ಮಾಡಿದ ಹಾಲನ್ನೆಲ್ಲ ಮನಿ ಪ್ಲಾಂಟಿಗೆ ಸುರಿಯುತ್ತಿದ್ದರು. ವಿದ್ಯಾನಗರದ ಗಿರಿಜಾ ಟೀಚರ್ ಪೂಜೆ ಮುಗಿದ ಮೇಲೆ ದಿನಾ ಒಂದು ಚೊಂಬು ನೀರನ್ನು ಸ್ನೇಕ್ ಪ್ಲಾಂಟಿಗೆ ಹಾಕುತ್ತಿದ್ದರು. ಎಲೆಯ ಅಂಚಿಗೆ ಬಂಗಾರದ ಜರಿಯಂತೆ ಹಳದಿ ಗೆರೆಯಿದ್ದ ಗಿಡ ಅದು. ಅವರ ತಂಗಿ ಕೊಟ್ಟದ್ದಂತೆ, ತಂಗಿ ಈಗ ಇರಲಿಲ್ಲ. ನಾನು ಹೋಗುವಷ್ಟರಲ್ಲಿ ಬುಡವೆಲ್ಲ ಕೊಳೆತು ನಾರುತ್ತಿತ್ತು. ಒಂದು ಎಲೆ ಮಾತ್ರ ಮೇಲ್ಭಾಗದಲ್ಲಿ ಗಟ್ಟಿಯಾಗಿತ್ತು. ಅದನ್ನೇ ತಂದು, ಬೆರಳುದ್ದ ತುಂಡು ಮಾಡಿ, ಗಾಯ ಒಣಗಿಸಿ ಮರಳಿನಲ್ಲಿ ಊರಿದೆ.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ತುಂಡಿನಿಂದ ಸ್ವಲ್ಪ ದೂರದಲ್ಲಿ ಮರಳು ಸೀಳಿ ಒಂದು ಮೊಳಕೆ ಬಂತು. ಸಂಭ್ರಮದಿಂದ ಬೆಳೆಸಿ ಟೀಚರಿಗೆ ಒಯ್ದು ಕೊಟ್ಟೆ. ಅವರು ನೋಡಿದ ಕೂಡಲೇ ಮುಖ ಗಟ್ಟಿ ಮಾಡಿಕೊಂಡರು. ಇದು ತಂಗಿಯ ಗಿಡವಲ್ಲ, ಇದಕ್ಕೆ ಹಳದಿ ಅಂಚಿಲ್ಲ, ಬದಲಿಸಿ ತಂದಿದ್ದೀರಿ ಎಂದರು. ನೋಡಿದರೆ ನಿಜವೇ. ಗಿಡ ಪೂರ್ತಿ ಹಸಿರು. ನನ್ನ ಕೈಯಿಂದಲೇ ಊರಿದ್ದೆ, ಆದರೂ ನನಗೇ ಅನುಮಾನ ಬಂತು. ಅವಮಾನದಿಂದ ಅತ್ತುಕೊಂಡು ಬಂದೆ.

ಇಮಾಮ್‌ಸಾಬರು ಮರುದಿನವೇ ನನ್ನನ್ನು ಕರೆದುಕೊಂಡು ಟೀಚರ ಮನೆಗೆ ಹೋದರು. ನರ್ಸರಿಯಿಂದ ಬಂಗಾರದ ಅಂಚಿನ ಇನ್ನೊಂದು ಗಿಡ ಒಯ್ದಿದ್ದೆವು. ಟೀಚರ ಕೈಯಿಂದಲೇ ಅದರ ಒಂದು ಎಲೆ ಕೊಯ್ಯಿಸಿ, ತುಂಡು ಮಾಡಿಸಿ, ಅವರ ಮನೆಯ ಕಿಟಕಿಯಲ್ಲೇ ಮರಳಿನ ಕುಂಡದಲ್ಲಿ ಊರಿಸಿದರು. ನೀರು ಮಾತ್ರ ನಾವು ಹೇಳಿದಾಗ ಎಂದು ಒಪ್ಪಂದ. ಟೀಚರು ಗಟ್ಟಿ ಮನುಷ್ಯೆ, ಮಾತಿಗೆ ತಪ್ಪಲಿಲ್ಲ. ಮಳೆಗಾಲ ಕಳೆದು ಒಂದು ಬೆಳಿಗ್ಗೆ ಆಟೊದಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಾತಿಗೆ ಬಂದರು. ಜರಿ ಅಂಚಿನ ತುಂಡಿನ ಪಕ್ಕದಲ್ಲಿ ಅಪ್ಪಟ ಹಸಿರು ಮರಿ ನಿಂತಿತ್ತು. ಅವರು ಅಲ್ಲೇ ನನ್ನ ಕೈ ಹಿಡಿದುಕೊಂಡರು. ಕ್ಷಮೆ ಕೇಳುವುದನ್ನೂ ಮರೆತು, ಇದು ಹೀಗೇಕೆ ಎಂದು ಕೇಳಿದರು. ನಮಗೂ ಗೊತ್ತಿರಲಿಲ್ಲ.

ಗೊತ್ತಿದ್ದವರು ವೀಣಾ ಮೇಡಂ. ತೋಟಗಾರಿಕೆ ಕಲಿಸುವ ಅಧ್ಯಾಪಕಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಆಗಾಗ ನರ್ಸರಿಗೆ ಬರುತ್ತಿದ್ದರು. ಆ ಎಲೆಯಲ್ಲಿ ಹಳದಿ ಅಂಚು ಒಂದು ಬಗೆಯ ಜೀವಕಣಗಳದ್ದು, ನಡುವಿನ ಹಸಿರು ಇನ್ನೊಂದು ಬಗೆಯ ಕಣಗಳದ್ದು, ಎರಡೂ ಕೂಡಿ ಬದುಕುತ್ತಿವೆ, ತುಂಡಿನಿಂದ ಹೊಸ ಗಿಡ ಹುಟ್ಟುವಾಗ ಹಸಿರು ಕಣಗಳಿಂದ ಮಾತ್ರ ಹುಟ್ಟುತ್ತದೆ ಎಂದು ಬಿಡಿಸಿ ಹೇಳಿದರು. ಅಂಚು ಬೇಕಿದ್ದರೆ ಬುಡದ ಮರಿಯನ್ನೇ ಬೇರ್ಪಡಿಸಿ ನೆಡಬೇಕಂತೆ.

"ಹಂಗಾದ್ರೆ ಒಂದು ಎಲಿಯೊಳಗ ಇಬ್ಬರು ಅದಾರೆ ಅಂದಂಗಾತು" ಎಂದರು ಇಮಾಮ್‌ಸಾಬರು. ಇನ್ನು ಮೇಲೆ ತರಗತಿಯಲ್ಲಿ ಹೀಗೇ ಹೇಳುತ್ತೇನೆ ಎಂದರು ಮೇಡಂ. ಟೀಚರ ತಂಗಿಯ ಗಿಡದ ಹಸಿರು ಮರಿ ಅವರ ಮನೆಯಲ್ಲಿ ಈಗ ಬಾಗಿಲೆತ್ತರಕ್ಕೆ ಬೆಳೆದಿದೆ.

ಇಷ್ಟರಲ್ಲಿ ಕೆಲಸದ ರೀತಿ ಬದಲಾಗುತ್ತ ಬಂತು. ತೆಂಗಿನ ಗರಿಯ ಚಪ್ಪರ ಹೋಗಿ ಹಸಿರು ನೆರಳು ಬಲೆ ಬಂತು. ಕೆಮ್ಮಣ್ಣಿನ ಬದಲು ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ. ಕಸಿ ಗುಲಾಬಿ, ಕ್ರೋಟನ್ ಎಲ್ಲ ಆಂಧ್ರದ ಕಡೆಯಿಂದ ಲಾರಿಯಲ್ಲಿ ಬಂದಿಳಿಯತೊಡಗಿದವು. ಕೊರೊನಾ ಬಂದು ಜನ ಮನೆಯೊಳಗೆ ಕುಳಿತ ಮೇಲಂತೂ ಮನೆಯೊಳಗಿನ ಗಿಡಗಳಿಗೆ ಎಲ್ಲಿಲ್ಲದ ಬೇಡಿಕೆ. ಮೊದಲು ಹೂ ಬಿಡದ ಗಿಡ ಯಾಕೆ ಎನ್ನುತ್ತಿದ್ದವರೇ ಎಲೆಯಲ್ಲಿ ಹುಟ್ಟಿನಿಂದಲೇ ತೂತಿರುವ ಗಿಡಗಳನ್ನು ಅಂದವೆಂದು ಕೊಳ್ಳತೊಡಗಿದರು. ಇಮಾಮ್‌ಸಾಬರು ಕಸಿ ಚಾಕು ಜೇಬಿನಲ್ಲಿಟ್ಟುಕೊಂಡೇ ಲಾರಿ ಇಳಿಸುವುದನ್ನು ನೋಡುತ್ತ ನಿಲ್ಲುತ್ತಿದ್ದರು. ದೂರು ಹೇಳಿದ್ದು ನಾನು ಕೇಳಲಿಲ್ಲ. ಬಂದ ಹೊಸ ಜಾತಿಯನ್ನೆಲ್ಲ ಮೊದಲು ಮುಟ್ಟಿ ನೋಡುತ್ತಿದ್ದವರು ಅವರೇ.

ನೀಲಮ್ಮನವರು ನರ್ಸರಿಗೆ ಬಂದದ್ದು ಆ ದಿನಗಳಲ್ಲಿ.

ದಾವಣಗೆರೆಯ ಹಳೆಯ ಪೇಟೆಯಲ್ಲಿ ಅವರದು ಬಟ್ಟೆ ವ್ಯಾಪಾರದ ಮನೆತನ. ಗಂಡ ತೀರಿದ ಮೇಲೆ ಅಂಗಡಿಯಲ್ಲಿ ಕುಳಿತು ತಾನೇ ಜವಳಿ ಆರಿಸಿ ತರಿಸುತ್ತಿದ್ದ ಹೆಂಗಸು. ಇಬ್ಬರು ಗಂಡುಮಕ್ಕಳು, ಮಲ್ಲಿಕಾರ್ಜುನ ಮತ್ತು ಶಿವಕುಮಾರ. ಹಿಸ್ಸೆಯಾಗಿ ಮನೆಯ ನಡುವೆ ಗೋಡೆ ಎದ್ದಿತ್ತು. ಹಿತ್ತಲಲ್ಲೂ ಅದೇ ಗೋಡೆ ಮುಂದುವರಿಯಬೇಕಿತ್ತು. ಗೋಡೆಯ ಗೆರೆಯ ಮೇಲೆ ಸರಿಯಾಗಿ ಒಂದು ಗಿಡ ನಿಂತಿತ್ತು. ಮೊದಲು ಇಬ್ಬರೂ ತಮ್ಮದೆಂದರು. ಜಗಳ ಬೆಳೆದು, ಯಾರಿಗೂ ಬೇಡ, ಕಡಿಸೋಣ ಎಂಬಲ್ಲಿಗೆ ಬಂತು. ಇಬ್ಬರೂ ಒಪ್ಪಿದ ಮಾತು ಅದೊಂದೇ ಎಂದು ನೀಲಮ್ಮನವರು ನಮ್ಮ ಮುಂದೆ ಹೇಳಿದರು. ಕಡಿಯುವ ಮೊದಲು ಬೇರುಸಹಿತ ಕಿತ್ತು ನರ್ಸರಿಯಲ್ಲಿ ನೆಟ್ಟು ಉಳಿಸಿಕೊಡಿ ಎಂದು ಕೇಳಲು ಬಂದಿದ್ದರು.

ಮನೆಯವರು ಅದನ್ನು ಈಚಲು ಎನ್ನುತ್ತಿದ್ದರು. ನೋಡಲು ಹಾಗೆಯೇ ಇರುತ್ತದೆ, ಆದರೆ ಅದು ಸೈಕಸ್. ದಪ್ಪ ಒರಟು ದಿಂಡು, ತಲೆಯ ಮೇಲೆ ಕೊಡೆ ಬಿಚ್ಚಿದಂತೆ ಸುತ್ತಲೂ ಕಡುಹಸಿರು ಗರಿ, ಗರಿಯ ಒಂದೊಂದು ಎಲೆಯೂ ಸೂಜಿಯ ಮೊನೆ. ಬಹಳ ನಿಧಾನವಾಗಿ ಬೆಳೆಯುವ ಗಿಡ. ನೀಲಮ್ಮ ಮದುವೆಯಾಗಿ ಬಂದಾಗ ಮೊಣಕಾಲೆತ್ತರ ಇದ್ದದ್ದು ಈಗ ದಿಂಡೇ ಅವರಿಗಿಂತ ಎತ್ತರವಾಗಿತ್ತು. ಇಮಾಮ್‌ಸಾಬರು ಅವರ ಹಿತ್ತಲಿಗೆ ಬಂದು ಅದರ ಸುತ್ತ ತಿರುಗಿ ತಿರುಗಿ ನೋಡಿದರು.

"ಇಷ್ಟು ಹಿರೀದನ್ನ ನಾನು ಯಾವತ್ತೂ ಕಿತ್ತಿಲ್ಲ ಅಮ್ಮಾರೆ. ಬದುಕತೈತೆ ಅಂತ ಮಾತು ಕೊಡಾಕ ಆಗಲ್ಲ."

"ಮಾತು ಬ್ಯಾಡ್ರಿ. ಕೈ ಹಾಕ್ರಿ" ಎಂದರು ನೀಲಮ್ಮ.

ಗೋಡೆ ಕಟ್ಟುವವರು ಬರುವ ಮೊದಲು ಕೆಲಸ ಮುಗಿಯಬೇಕಿತ್ತು. ಬುಡದ ಸುತ್ತ ದೂರದಿಂದ ಅಗೆಯುತ್ತ ಬಂದೆವು. ಬುಡದಲ್ಲಿ ಅಂಟಿಕೊಂಡಿದ್ದ ಎರಡು ಮರಿಗಳನ್ನು ಬಿಡಿಸಿ ಬೇರೆ ಇಟ್ಟೆವು. ಆಮೇಲೆ ಇಮಾಮ್‌ಸಾಬರು ತಲೆಯ ಮೇಲಿನ ಗರಿಗಳನ್ನೆಲ್ಲ ಒಂದೂ ಬಿಡದೆ ಕೊಯ್ದರು. ಬೇರು ಕಳೆದುಕೊಂಡ ಗಿಡ ಅಷ್ಟು ಗರಿಗಳಿಗೆ ನೀರು ಕಳಿಸಲಾರದು, ಕೊಯ್ಯಲೇಬೇಕು. ಗೊತ್ತಿದ್ದೂ ಆ ಬೋಳು ದಿಂಡನ್ನು ನೋಡಲು ನನಗಾಗಲಿಲ್ಲ. ನೀಲಮ್ಮನವರು ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಕಡೆ ತಿರುಗಿ ನಿಂತರು.

ಆ ಓಣಿಯಲ್ಲಿ ಕ್ರೇನು ಬರುವ ಹಾಗಿರಲಿಲ್ಲ. ಗೋಣಿತಾಟು ಸುತ್ತಿ, ಬೊಂಬು ಕಟ್ಟಿ ಹಮಾಲರು ಹೊತ್ತರು. ಬಾಗಿಲು ದಾಟುವಾಗ ಒಂದು ಕಡೆ ವಾಲಿತು. ಅತ್ತ ಇತ್ತ ನಿಂತು ನೋಡುತ್ತಿದ್ದ ಅಣ್ಣತಮ್ಮಂದಿರು ಇಬ್ಬರೂ ಓಡಿ ಬಂದು ಹೆಗಲು ಕೊಟ್ಟರು. ಓಣಿ ದಾಟುವವರೆಗೂ ಇಬ್ಬರ ಹೆಗಲೂ ಒಂದೇ ಬೊಂಬಿನ ಕೆಳಗಿತ್ತು. ಲಾರಿಗೆ ಏರಿಸಿದ ಮೇಲೆ ಮನೆಗೆ ಮರಳಿ ಒಬ್ಬರು ಒಂದು ಬಾಗಿಲಿನಿಂದ, ಇನ್ನೊಬ್ಬರು ಇನ್ನೊಂದು ಬಾಗಿಲಿನಿಂದ ಒಳಗೆ ಹೋದರು.

ನರ್ಸರಿಯ ಹಿಂಭಾಗದಲ್ಲಿ ಮರಳು ಹೆಚ್ಚು ಹಾಕಿ ನೆಟ್ಟೆವು. ಮರಿಗಳು ಬೇಗ ಬೇರು ಬಿಟ್ಟವು. ದೊಡ್ಡದು ಸುಮ್ಮನೆ ನಿಂತಿತ್ತು. ಮಳೆ ಹೋಯಿತು, ಚಳಿ ಹೋಯಿತು, ಬೋರ್‌ವೆಲ್ಲುಗಳೂ ಬತ್ತಿದ ಆ ಕೆಟ್ಟ ಬೇಸಿಗೆಯೂ ಬಂತು. ದಿಂಡಿನ ಒಂದು ಕಡೆ ಮೆತ್ತಗಾಗಿ ನೀರು ಸೋರತೊಡಗಿತು. ಇಮಾಮ್‌ಸಾಬರು ಕೊಳೆತದ್ದನ್ನು ಕೆತ್ತಿ, ಸುಣ್ಣ ಮತ್ತು ಮೈಲುತುತ್ತ ಕಲಸಿ ಬಳಿದರು. ಅವರ ಕಣ್ಣು ಆಗಲೇ ಮಂಜಾಗಿತ್ತು. ಸಕ್ಕರೆ ಕಾಯಿಲೆ. ಆಪರೇಷನ್ ಮಾಡಿಸಿದರೂ ದೃಷ್ಟಿ ಮರಳಲಿಲ್ಲ. ಕೊನೆಗೆ ಬಸ್ಸಿನ ಬೋರ್ಡು ಓದಲಾಗದೆ ಕೆಲಸ ಬಿಟ್ಟರು. ಕೊನೆಯ ದಿನ ಆ ದಿಂಡಿನ ಹತ್ತಿರ ಹೋಗಿ ಬಹಳ ಹೊತ್ತು ಒತ್ತಿ ನೋಡಿದರು.

"ಇದು ಹೋತು ಅನ್ಸತೈತೆ ಬೇಟಿ. ಆದ್ರೂ ನೀನಾಗಿ ಕಿತ್ತು ಒಗೀಬ್ಯಾಡ" ಎಂದರು.

ನೀಲಮ್ಮನವರು ಆಗಾಗ ಬರುತ್ತಿದ್ದರು. ಸ್ಟೂಲು ಹಾಕಿಕೊಂಡು ಬೋಳು ದಿಂಡಿನ ಮುಂದೆ ಕುಳಿತು, ಬಿಸಿಲು ಏರಿದ ಮೇಲೆ ಹೋಗುತ್ತಿದ್ದರು. ಚನ್ನಬಸಪ್ಪನವರಿಗೆ ಅಲ್ಲಿ ಹೊಸ ನೆರಳು ಬಲೆ ಹಾಕಬೇಕಿತ್ತು. ಸತ್ತ ದಿಂಡನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಗಿರಾಕಿಗಳು ಏನಂದಾರು ಎಂದು ದಿನಾ ಗೊಣಗುತ್ತಿದ್ದರು. ಒಂದು ದಿನ ಹಾರೆಯನ್ನೂ ತರಿಸಿದರು. ಅವತ್ತೇ ವೀಣಾ ಮೇಡಂ ಬಂದದ್ದು ನನ್ನ ಪುಣ್ಯ. ಅವರು ದಿಂಡನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಕೆತ್ತಿದ ಕಡೆ ಬಿಟ್ಟು ಉಳಿದೆಲ್ಲ ಗಟ್ಟಿಯಿದೆ, ಒಳಗೆ ಜೀವ ಇದ್ದೀತು, ಕಾಯಿರಿ ಎಂದರು. ಎಷ್ಟು ಕಾಯಬೇಕು ಎಂದು ಸಾಹುಕಾರರು ಕೇಳಿದರು. ಅದು ತಮಗೂ ಗೊತ್ತಿಲ್ಲ ಎಂದರು ಮೇಡಂ. ಆಮೇಲೆ ಹಾರೆಯ ಪಕ್ಕದಲ್ಲೇ ನಿಂತು ಇನ್ನೊಂದು ಮಾತು ಹೇಳಿದರು. ಭೂಮಿಯ ಮೇಲೆ ಹೂವು ಎಂಬುದೇ ಹುಟ್ಟುವುದಕ್ಕಿಂತ ಮೊದಲು ಈ ಕುಲದ ಗಿಡಗಳಿದ್ದವಂತೆ. ಗುಲಾಬಿಯಿಲ್ಲ, ಮಲ್ಲಿಗೆಯಿಲ್ಲ, ಹುಲ್ಲಿಲ್ಲ, ಹಣ್ಣಿಲ್ಲ. ಇವು ಇದ್ದವು.

ನಾನು ಸುತ್ತ ನೋಡಿದೆ. ನಮ್ಮ ಸೇವಂತಿಗೆ, ದಾಸವಾಳ, ಬೋಗನ್‌ವಿಲ್ಲಾ, ಒಂದೊಂದು ಬಣ್ಣ ಬಳಿದುಕೊಂಡು ನಿಂತಿದ್ದವು. ಅವುಗಳ ನಡುವೆ ಆ ಬೋಳು ದಿಂಡು. ಚನ್ನಬಸಪ್ಪನವರು ಮೀಸೆ ಸವರಿಕೊಂಡರು.

"ಹಂಗಾದ್ರೆ ಎಲ್ರಿಗಿಂತ ಹಿರಿಯ ಇದು. ಇರ್ಲಿ ಬಿಡ್ರಿ" ಎಂದರು. ನೆರಳು ಬಲೆಯನ್ನು ಅದರ ಸುತ್ತ ಬಳಸಿ ಕಟ್ಟಿಸಿದರು.

ಮುಂಗಾರು ಹಿಡಿದ ಮೇಲೆ, ನಾನು ಒಂದು ಬೆಳಿಗ್ಗೆ ಎಂದಿನಂತೆ ಹಿಂದಕ್ಕೆ ಹೋದೆ. ದಿಂಡಿನ ತುದಿಯಲ್ಲಿ ಕಂದು ಉಣ್ಣೆಯಂಥ ಹೊದಿಕೆಯಿರುತ್ತದೆ. ಅದು ಉಬ್ಬಿತ್ತು. ಸ್ಟೂಲು ಹತ್ತಿ ನೋಡಿದೆ. ಉಣ್ಣೆಯ ನಡುವೆ ಬೆಳ್ಳಿಯ ಬಣ್ಣದ ಮೊನೆಗಳು ಕಾಣುತ್ತಿದ್ದವು. ಯಾರಿಗೂ ಹೇಳಲಿಲ್ಲ. ಕಣ್ಣಿನ ಭ್ರಮೆ ಇದ್ದರೆ ಎಂಬ ಭಯ. ಮರುದಿನ ಅವು ಬೆರಳುದ್ದ ಆಗಿದ್ದವು. ಇನ್ನು ಮೂರು ನಾಲ್ಕು ದಿನಕ್ಕೆ ಗೇಣುದ್ದ. ಸೈಕಸ್ ಬೇರೆ ಗಿಡಗಳ ಹಾಗೆ ಒಂದೊಂದೇ ಎಲೆ ಬಿಡುವುದಿಲ್ಲ. ವರ್ಷವಿಡೀ ಸುಮ್ಮನಿದ್ದು, ಎದ್ದಾಗ ಇಡೀ ಸುತ್ತಿನ ಗರಿಗಳನ್ನು ಒಟ್ಟಿಗೇ ಎತ್ತುತ್ತದೆ. ಅಷ್ಟೂ ಗರಿಗಳು ನೆಟ್ಟಗೆ ಮೇಲೆದ್ದು, ಒಂದೊಂದರ ಮೇಲೂ ಪುಟ್ಟ ಪುಟ್ಟ ಎಲೆಗಳು ಎಳೆಕೂಸಿನ ಮುಷ್ಟಿಯಂತೆ ಸುರುಳಿ ಸುತ್ತಿಕೊಂಡಿದ್ದವು. ಆ ದೊಡ್ಡ ದಿಂಡಿನ ಒಳಗೆ, ನೀರಿಲ್ಲದ ಬೇಸಿಗೆಯಲ್ಲಿ, ನಾವೆಲ್ಲ ಸತ್ತಿತು ಎಂದು ಮಾತಾಡುತ್ತಿದ್ದಾಗ, ಇದೆಲ್ಲ ತಯಾರಾಗುತ್ತಿತ್ತು. ಎಷ್ಟೋ ಸಾವಿರ ಚಿಗುರು ನೋಡಿದ ನಾನು ಅವತ್ತು ಸ್ಟೂಲಿನ ಮೇಲೇ ನಿಂತು ಗರಿಗಳನ್ನು ಎಣಿಸಿದೆ, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಯಾರೋ ಬಂದು ಕೈಹಿಡಿದು ಇಳಿಸಿದರು.

ನೀಲಮ್ಮನವರಿಗೆ ಫೋನು ಮಾಡಿಸಿ, ನಾನೇ ಹರಿಹರಕ್ಕೆ ಹೋದೆ. ಇಮಾಮ್‌ಸಾಬರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅಷ್ಟರಲ್ಲಿ ಅವರಿಗೆ ಬೆಳಕು ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ವಿಷಯ ಹೇಳಿದೆ. ಅವರು ಎದ್ದು ಒಳಗೆ ಹೋಗಿ, ಒಗೆದ ಅಂಗಿ ಹಾಕಿಕೊಂಡು ಬಂದರು. ಆಟೊ ಮಾಡಿಕೊಂಡು ಬಾತಿಗೆ ಬಂದೆವು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, ಕೆತ್ತಿದ ಗಾಯದ ಜಾಗ ಒಣಗಿದೆಯೇ ಎಂದು. ಒಣಗಿದೆ ಎಂದೆ.

ನಾವು ಬರುವಷ್ಟರಲ್ಲಿ ನೀಲಮ್ಮನವರು ಸ್ಟೂಲಿನ ಮೇಲೆ ಕುಳಿತಿದ್ದರು. ಹಿರಿಯ ಮಗ ಕಾರಿನಲ್ಲಿ ಕರೆತಂದಿದ್ದ. ಕಿರಿಯವನು ಬೈಕಿನಲ್ಲಿ ಬಂದು ಬಲೆಯ ಆಚೆ ನಿಂತಿದ್ದ. ಒಬ್ಬರನ್ನೊಬ್ಬರು ನೋಡಲಿಲ್ಲ, ಇಬ್ಬರೂ ಗಿಡವನ್ನೇ ನೋಡುತ್ತಿದ್ದರು. ಚನ್ನಬಸಪ್ಪನವರು ಎಂದೂ ಇಲ್ಲದ ಸಣ್ಣ ದನಿಯಲ್ಲಿ, ಇನ್ನು ಇದನ್ನು ಯಾರ ಮನೆಗೆ ಕಳಿಸಲಿ ಎಂದು ಕೇಳಿದರು.

"ಯಾರ ಮನಿಗೂ ಬ್ಯಾಡ. ಇಬ್ರಿಗೂ ಒಂದೊಂದು ಮರಿ ಐತೆ. ಒಯ್ದು ಸಾಕ್ಲಿ. ಇದು ಎದ್ದ ಜಾಗದಾಗ ಇರ್ಲಿ" ಎಂದರು ನೀಲಮ್ಮ. ಮಕ್ಕಳು ಇಬ್ಬರೂ ತಲೆ ತಗ್ಗಿಸಿದರು.

ನಾನು ಇಮಾಮ್‌ಸಾಬರ ಕೈ ಹಿಡಿದು ಹತ್ತಿರ ಕರೆದೊಯ್ದೆ. ಒಂದು ಗರಿ ಸ್ವಲ್ಪ ಹೊರಗೆ ಬಾಗಿತ್ತು. ಅವರ ಬೆರಳು ಅದಕ್ಕೆ ತಾಗಿತು. ಬಲಿತ ಮೇಲೆ ರಕ್ತ ಬರಿಸುವ ಸೈಕಸ್ ಎಲೆ ಆಗ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ಅವರು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು. ಇನ್ನೂ ಹಸಿಯಿದೆ, ಮುಟ್ಟಬಾರದಿತ್ತು, ನಾನೇ ಇದನ್ನು ಸತ್ತಿತು ಅಂದವನು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

"ಮುಟ್ರಿ ಇಮಾಮ್‌ಸಾಬ್ರೇ" ಎಂದರು ನೀಲಮ್ಮ. "ಕೂಸು ಹುಟ್ಟಿದ ಮನ್ಯಾಗ ಕೈ ಕಟ್ಕಂಡು ನಿಲ್ಲಾಕ ಆಗತೈತೇನ್ರಿ."

ಅವರು ಮತ್ತೆ ಕೈ ಚಾಚಿದರು. ಸುರುಳಿಗಳ ಮೇಲೆ ಬೆರಳನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಒಯ್ದರು. ಹಾಗೆಯೇ ನಿಂತು, ಬಣ್ಣ ಹೇಗಿದೆ ಎಂದು ನನ್ನನ್ನು ಕೇಳಿದರು. ಹೇಳಲು ಬಾಯಿ ತೆರೆದೆ. ಹಸಿರು ಎಂದರೆ ಸುಳ್ಳಾಗುತ್ತಿತ್ತು, ಬಿಳಿ ಎಂದರೂ ಸುಳ್ಳು. ನೀಲಮ್ಮನವರು ಸ್ಟೂಲಿನಿಂದ ಎದ್ದು ಬಂದು ಅವರ ಪಕ್ಕದಲ್ಲಿ ನಿಂತರು.

"ನಮ್ಮ ಅಂಗಡ್ಯಾಗ ಎಲ್ಲಾ ಹಸಿರೂ ನೋಡೀನಿ ಇಮಾಮ್‌ಸಾಬ್ರೇ. ಗಿಳಿ ಹಸಿರು, ಪಾಚಿ ಹಸಿರು, ಬಾಳಿ ಸುಳಿ ಹಸಿರು. ಈ ಹಸಿರು ಇನ್ನೂ ಯಾರೂ ನೇಯ್ದಿಲ್ಲ."

ಇಮಾಮ್‌ಸಾಬರು ಗರಿಯಿಂದ ಕೈ ತೆಗೆಯದೆ ತಲೆಯಾಡಿಸಿದರು.

"ಕಾಣ್ತು ಅಮ್ಮಾರೆ" ಎಂದರು.